ಆಕಾಶದ ಕಣ್ಣಿಗೆ ಮರ ಕಾಣುತ್ತದೆ, ಹಕ್ಕು ಕಾಣುವುದಿಲ್ಲ

ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಹೊಂದಿಕೊಂಡಿರುವ ಕಾಡುಗೋಡಿಯಲ್ಲಿ 2025ರ ಜೂನ್ ತಿಂಗಳಲ್ಲಿ ಅರಣ್ಯ ಇಲಾಖೆ 120 ಎಕರೆ ಭೂಮಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ಮಾರುಕಟ್ಟೆ ಮೌಲ್ಯ ಸುಮಾರು 4,000 ಕೋಟಿ ರೂಪಾಯಿ ಎಂದು ಹೇಳಲಾಯಿತು. ಕಾಡುಗೋಡಿ ಪ್ಲಾಂಟೇಶನ್ ಸರ್ವೆ ನಂಬರ್ 1ರ 711 ಎಕರೆ 1896ರಲ್ಲೇ ಮೀಸಲು ಅರಣ್ಯವೆಂದು ಘೋಷಣೆಯಾಗಿದೆ, ಆದುದರಿಂದ ಇದು ಕಾಡು ಎಂಬುದು ಇಲಾಖೆಯ ವಾದ. ನಾವು ತಲೆಮಾರುಗಳಿಂದ ಇಲ್ಲಿ ಉಳುತ್ತಾ ಬಂದಿದ್ದೇವೆ, ಈ ಭೂಮಿ ನಮಗೆ ಮಂಜೂರಾದದ್ದು ಎಂಬುದು ಅಲ್ಲಿನ ದಲಿತ ರೈತ ಕುಟುಂಬಗಳ ವಾದ.

ಈ ಎರಡರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅದು ದಾಖಲೆಗಳನ್ನು ನೋಡಿ, ಜನರ ಮಾತು ಕೇಳಿ ನಿರ್ಧಾರವಾಗಬೇಕಾದ ವಿಷಯ. ಆದರೆ ಕರಾವಳಿಯಲ್ಲಿ ಕುಳಿತಿರುವ ನಾವು ಕಾಡುಗೋಡಿಯ ಕಡೆ ನೋಡಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಇಂದು ಅದೇ ವೈಟ್‌ಫೀಲ್ಡ್ ಸುತ್ತಮುತ್ತ ದುಡಿಯುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, 'ಇದು ಕಾಡೋ, ಕೃಷಿಭೂಮಿಯೋ' ಎಂಬ ಪ್ರಶ್ನೆ ಕುಮ್ಕಿ, ಡೀಮ್ಡ್ ಫಾರೆಸ್ಟ್, ಅಕ್ರಮ-ಸಕ್ರಮ ಎಂಬ ಬೇರೆ ಬೇರೆ ಹೆಸರುಗಳಲ್ಲಿ ನಮ್ಮ ಮನೆ ಬಾಗಿಲಿಗೂ ಬಂದಿದೆ. ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮುಂದಿನ ದಿನಗಳಲ್ಲಿ ಹೆಚ್ಚು ಹೆಚ್ಚಾಗಿ ಬಳಕೆಯಾಗಲಿರುವುದು ಆಕಾಶದಿಂದ ತೆಗೆದ ಚಿತ್ರ. ಆ ಚಿತ್ರವನ್ನು ತೆಗೆಯುವ ಕೆಲಸ ಈಗ ಸರ್ಕಾರದ ಕೈಯಲ್ಲಿ ಮಾತ್ರ ಉಳಿದಿಲ್ಲ. ಅದೊಂದು ವ್ಯಾಪಾರವಾಗಿದೆ. ಈ ವ್ಯಾಪಾರದ ಒಂದು ದೊಡ್ಡ ಕೇಂದ್ರ ಬೆಂಗಳೂರು.

ಪೀಣ್ಯದ ಶೆಡ್ಡಿನಿಂದ ಖಾಸಗಿ ಕಂಪನಿಗಳವರೆಗೆ

ಭಾರತದ ಮೊದಲ ಉಪಗ್ರಹ 'ಆರ್ಯಭಟ' ತಯಾರಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. 360 ಕಿಲೋ ತೂಕದ ಅದು 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ ಮೂಲಕ ಬಾಹ್ಯಾಕಾಶಕ್ಕೆ ಹೋಯಿತು. ಆ ಕೆಲಸದ ಮುಂದಾಳು ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಎಂಬುದು ಕರಾವಳಿಗರಾದ ನಮಗೆ ಹೆಮ್ಮೆಯ ಸಂಗತಿ. ಭೂಮಿಯ ಚಿತ್ರ ತೆಗೆಯುವ ದೂರಸಂವೇದಿ ಉಪಗ್ರಹಗಳ ಸಾಲು 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಮೂಲಕ ಆರಂಭವಾಯಿತು. ಆ ಕಾಲದಲ್ಲಿ ಉಪಗ್ರಹವೆಂದರೆ ಸರ್ಕಾರದ್ದು, ಚಿತ್ರವೂ ಸರ್ಕಾರದ್ದು.

2017ರ ಫೆಬ್ರವರಿ 15ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ37 ರಾಕೆಟ್ ಒಂದೇ ಬಾರಿಗೆ 104 ಉಪಗ್ರಹಗಳನ್ನು ಹೊತ್ತು ಹೋದದ್ದು ಎಲ್ಲರಿಗೂ ನೆನಪಿದೆ. ಅಂದು ದೇಶವೆಲ್ಲ ಸಂಭ್ರಮಿಸಿತು. ಆದರೆ ಅವುಗಳಲ್ಲಿ 88 ಉಪಗ್ರಹಗಳು ಅಮೆರಿಕದ ಪ್ಲಾನೆಟ್ ಎಂಬ ಒಂದೇ ಖಾಸಗಿ ಕಂಪನಿಗೆ ಸೇರಿದವು ಎಂಬುದನ್ನು ಗಮನಿಸಿದವರು ಕಡಿಮೆ. ಒಂದೊಂದರ ತೂಕ ಐದು ಕಿಲೋಗಿಂತ ಕಡಿಮೆ. ಇಡೀ ಭೂಮಿಯ ನೆಲಭಾಗವನ್ನು ದಿನಕ್ಕೊಮ್ಮೆ ಚಿತ್ರ ತೆಗೆದು ಮಾರುವುದೇ ಆ ಕಂಪನಿಯ ಉದ್ದೇಶವಾಗಿತ್ತು.

ಬೆಂಗಳೂರಿನಲ್ಲಿ ಅದೇ ದಾರಿ ಹಿಡಿದದ್ದು ಪಿಕ್ಸೆಲ್ ಎಂಬ ಕಂಪನಿ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್ ಮತ್ತು ಅವರ ಸಹಪಾಠಿ ಕ್ಷಿತಿಜ್ ಖಂಡೇಲ್‌ವಾಲ್ 2019ರಲ್ಲಿ ಇದನ್ನು ಆರಂಭಿಸಿದರು. 2022ರಲ್ಲಿ 'ಶಕುಂತಲಾ' ಮತ್ತು 'ಆನಂದ್' ಎಂಬ ಎರಡು ಪ್ರಾಯೋಗಿಕ ಉಪಗ್ರಹಗಳು ಹೋದವು. 2025ರ ಜನವರಿಯಲ್ಲಿ ಮೂರು ಮತ್ತು ಆಗಸ್ಟ್‌ನಲ್ಲಿ ಮೂರು, ಒಟ್ಟು ಆರು 'ಫೈರ್‌ಫ್ಲೈ' ಉಪಗ್ರಹಗಳು ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್‌ಗಳಲ್ಲಿ ಕಕ್ಷೆ ಸೇರಿದವು. ಫೈರ್‌ಫ್ಲೈ ಎಂದರೆ ಮಿಂಚುಹುಳ. ಮಲೆನಾಡಿನ ಸಣ್ಣ ಊರಿನಿಂದ ಬಂದ ಯುವಕನೊಬ್ಬ ಇಂತಹ ಸಾಧನೆ ಮಾಡಿದ್ದು ಸಣ್ಣ ವಿಷಯವಲ್ಲ. ಅದನ್ನು ನಾವು ಮನಸಾರೆ ಅಭಿನಂದಿಸಬೇಕು.

ಒಂದು ಚುಕ್ಕೆ ಎಂದರೆ ಎಷ್ಟು ಸೆಂಟ್ಸ್?

ಒಂದೇ ಉಪಗ್ರಹ ಭೂಮಿಯನ್ನು ಸುತ್ತುತ್ತಾ ಅದೇ ಜಾಗದ ಮೇಲೆ ಮತ್ತೆ ಬರಲು ಅನೇಕ ದಿನಗಳು ಬೇಕಾಗುತ್ತವೆ. ಐಆರ್‌ಎಸ್-1ಎಗೆ 22 ದಿನ ಬೇಕಾಗುತ್ತಿತ್ತು. ಸಣ್ಣ ಉಪಗ್ರಹಗಳ ಒಂದು ಗುಂಪನ್ನೇ ಕಕ್ಷೆಯಲ್ಲಿ ಸಾಲಾಗಿ ಬಿಟ್ಟರೆ, ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಆಗ ಅದೇ ಜಾಗದ ಚಿತ್ರ ಪ್ರತಿದಿನ ಸಿಗುತ್ತದೆ. ಇದೇ ಉಪಗ್ರಹ ಸಮೂಹದ ಗುಟ್ಟು. ಒಂದು ಕೆಟ್ಟರೂ ಉಳಿದವು ಕೆಲಸ ಮಾಡುತ್ತವೆ, ಖರ್ಚೂ ಕಡಿಮೆ.

ಉಪಗ್ರಹದ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿರುತ್ತದೆ. ಒಂದು ಚುಕ್ಕೆ ನೆಲದ ಎಷ್ಟು ಜಾಗವನ್ನು ಮುಚ್ಚುತ್ತದೆ ಎಂಬುದರ ಮೇಲೆ ಚಿತ್ರದ ಸ್ಪಷ್ಟತೆ ನಿಂತಿದೆ. ನಮಗೆ ಪರಿಚಿತವಾದ ಸೆಂಟ್ಸ್ ಲೆಕ್ಕದಲ್ಲಿ ಹೇಳುವುದಾದರೆ, 1988ರ ಐಆರ್‌ಎಸ್-1ಎಯ ಒಂದು ಕ್ಯಾಮೆರಾದ ಚುಕ್ಕೆ 72.5 ಮೀಟರ್ ಉದ್ದಗಲದ್ದು. ಅಂದರೆ ಒಂದು ಚುಕ್ಕೆಯೊಳಗೆ ಸುಮಾರು 130 ಸೆಂಟ್ಸ್ ಅಡಗಿ ಹೋಗುತ್ತಿತ್ತು. ಫೈರ್‌ಫ್ಲೈ ಉಪಗ್ರಹದ ಚುಕ್ಕೆ 5 ಮೀಟರ್‌ನದ್ದು, ಅಂದರೆ ಅರ್ಧ ಸೆಂಟ್ಸ್‌ಗಿಂತ ಸ್ವಲ್ಪ ಹೆಚ್ಚು. ಬಡವರಿಗೆ ಸಿಗುವ ಐದು ಸೆಂಟ್ಸ್ ಮನೆ ನಿವೇಶನ ಅದರಲ್ಲಿ ಎಂಟು ಚುಕ್ಕೆಗಳಾಗಿ ಕಾಣುತ್ತದೆ. ಕಾಡುಗೋಡಿಯ ಆ 120 ಎಕರೆ 1988ರ ಆ ಕ್ಯಾಮೆರಾಕ್ಕೆ ಹೆಚ್ಚು ಕಡಿಮೆ 92 ಚುಕ್ಕೆಗಳು. ಫೈರ್‌ಫ್ಲೈಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು.

ಅಷ್ಟೇ ಅಲ್ಲ. ಸಾಮಾನ್ಯ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳನ್ನು ಹಿಡಿಯುತ್ತದೆ. ಹೈಪರ್‌ಸ್ಪೆಕ್ಟ್ರಲ್ ಎಂದು ಕರೆಯುವ ಈ ಹೊಸ ಕ್ಯಾಮೆರಾ ಬೆಳಕನ್ನು ನೂರಕ್ಕೂ ಹೆಚ್ಚು ತೆಳು ಪಟ್ಟಿಗಳಾಗಿ ಸೀಳಿ ನೋಡುತ್ತದೆ. ನಮ್ಮ ಕಣ್ಣಿಗೆ ಎಲ್ಲವೂ ಹಸಿರಾಗಿ ಕಂಡರೂ, ಯಾವ ಗಿಡಕ್ಕೆ ನೀರು ಸಾಲದು, ಯಾವುದಕ್ಕೆ ರೋಗ ತಗಲಿದೆ, ಹೊಳೆಯ ನೀರಿಗೆ ಎಲ್ಲಿ ಕೊಳಕು ಸೇರುತ್ತಿದೆ ಎಂಬ ಸುಳಿವುಗಳನ್ನು ಅದು ಕೊಡಬಲ್ಲದು. ಕೃಷಿ, ಗಣಿ, ತೈಲ, ವಿಮೆ ಮುಂತಾದ ಉದ್ಯಮಗಳು ಇಂತಹ ಚಿತ್ರಗಳಿಗೆ ಗ್ರಾಹಕರಾಗಿರುವುದು ಇದೇ ಕಾರಣಕ್ಕೆ.

ಒಂದೇ ರಾಕೆಟ್, ಎರಡು ದಾರಿ

2022ರ ನವೆಂಬರ್ 26ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ54 ರಾಕೆಟ್‌ನಲ್ಲಿ ಪಿಕ್ಸೆಲ್ ಕಂಪನಿಯ ಆನಂದ್ ಉಪಗ್ರಹ ಇತ್ತು. ಅದರ ತೂಕ ಸುಮಾರು 15 ಕಿಲೋ. ಅದೇ ರಾಕೆಟ್‌ನ ಮುಖ್ಯ ಪ್ರಯಾಣಿಕ ಸಾವಿರ ಕಿಲೋಗೂ ಹೆಚ್ಚು ತೂಗುವ ಇಸ್ರೋದ ಓಷನ್‌ಸ್ಯಾಟ್-3. ಇದು ಸಮುದ್ರದ ಬಣ್ಣ, ಗಾಳಿ ಮೊದಲಾದವನ್ನು ನೋಡುವ ಉಪಗ್ರಹ. ಸಮುದ್ರದ ಬಣ್ಣ ಮತ್ತು ಶಾಖದ ಉಪಗ್ರಹ ಮಾಹಿತಿಯನ್ನು ಆಧರಿಸಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎಲ್ಲಿ ಮೀನು ಸಿಗಬಹುದು ಎಂಬ ಸೂಚನೆಯನ್ನು ಮೀನುಗಾರರಿಗೆ ಉಚಿತವಾಗಿ ಕೊಡುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಬೋಟಿನವರಿಗೆ ಇದು ಹೊಸ ವಿಷಯವೇನಲ್ಲ.

ಒಂದು ಉಪಗ್ರಹ ಸಾರ್ವಜನಿಕ ಹಣದಿಂದ ಬಂದು ಸಾರ್ವಜನಿಕರಿಗೆ ಮಾಹಿತಿ ಕೊಟ್ಟಿತು. ಇನ್ನೊಂದು ಖಾಸಗಿ ಹೂಡಿಕೆಯಿಂದ ಬಂದು, ಮಾಹಿತಿಯನ್ನು ಹಣ ಕೊಟ್ಟವರಿಗೆ ಮಾರುವ ವ್ಯಾಪಾರಕ್ಕೆ ದಾರಿ ಮಾಡಿತು. ಇದರಲ್ಲಿ ತಪ್ಪೇನೂ ಇಲ್ಲ. ಹಾಕಿದ ಬಂಡವಾಳ ಹಿಂದೆ ಬರಬೇಕಲ್ಲ? ಆದರೆ ದೇಶ ಈಗ ಎರಡನೆಯ ದಾರಿಯಲ್ಲಿ ವೇಗವಾಗಿ ನಡೆಯುತ್ತಿದೆ ಎಂಬುದು ನಮಗೆ ತಿಳಿದಿರಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಇನ್‌-ಸ್ಪೇಸ್ ಸಂಸ್ಥೆ ಭೂವೀಕ್ಷಣೆಗಾಗಿ 12 ಉಪಗ್ರಹಗಳ ಸಮೂಹವನ್ನು ಕಟ್ಟುವ ಹೊಣೆಯನ್ನು ಪಿಕ್ಸೆಲ್ ನೇತೃತ್ವದ ಕೂಟಕ್ಕೆ ವಹಿಸಿತು. ಪಿಯರ್‌ಸೈಟ್, ಸ್ಯಾಟ್‌ಶ್ಯೂರ್ ಮತ್ತು ಧ್ರುವ ಸ್ಪೇಸ್ ಉಳಿದ ಪಾಲುದಾರರು. ಐದು ವರ್ಷಗಳಲ್ಲಿ 1,200 ಕೋಟಿ ರೂಪಾಯಿಗೂ ಹೆಚ್ಚು ಹೂಡಿಕೆ. ಸರ್ಕಾರ ಕೊಡಲು ಸಿದ್ಧವಿದ್ದ 350 ಕೋಟಿ ರೂಪಾಯಿಯ ನೆರವನ್ನೂ ಈ ಕೂಟ ಬೇಡವೆಂದಿತು.

ಬೊಕ್ಕಸಕ್ಕೆ ಉಳಿತಾಯವಾಯಿತು ಎಂದು ಸಂತೋಷಪಡಬಹುದು. ಆದರೆ ಸರ್ಕಾರದ ಹಣವೇ ಇಲ್ಲದ ಕಡೆ ಸಾರ್ವಜನಿಕರಿಗೆ ಏನು ಸಿಗಬೇಕು ಎಂದು ಕೇಳುವ ಶಕ್ತಿಯೂ ಕಡಿಮೆಯಾಗುತ್ತದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ ಇಸ್ರೋ ಉಪಗ್ರಹಗಳ 5 ಮೀಟರ್ ಹಾಗೂ ಅದಕ್ಕಿಂತ ದೊಡ್ಡ ಚುಕ್ಕೆಯ ಚಿತ್ರಗಳು ಎಲ್ಲರಿಗೂ ಉಚಿತ. ಅದಕ್ಕಿಂತ ಸೂಕ್ಷ್ಮವಾದವು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಖಾಸಗಿಯವರಿಗೆ ಬೆಲೆಗೆ. ಖಾಸಗಿ ಕಂಪನಿಗಳು ತೆಗೆದ ಚಿತ್ರಗಳಿಗೆ ಈ ಉಚಿತದ ಮಾತು ಅನ್ವಯಿಸುವುದಿಲ್ಲ. ಹೀಗಾಗಿ ಒಂದೇ ತುಂಡು ನೆಲದ ಬಗ್ಗೆ ಹಣವಿದ್ದವನಿಗೆ ನಿನ್ನೆಯ ಚಿತ್ರ ಸಿಗುತ್ತದೆ. ಆ ನೆಲದಲ್ಲಿ ಬೆವರು ಸುರಿಸುವವನ ಕೈಯಲ್ಲಿ ಇರುವುದು ಹಳೆಯ ಪಹಣಿ ಮಾತ್ರ.

ಚಿತ್ರಕ್ಕೆ ಕಾಣದೇ ಇರುವುದು

ಚಿತ್ರ ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ಆದರೆ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಇದಕ್ಕೆ ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು 'ಕಾಡು' ಎಂಬ ಪದದ ಅರ್ಥ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಚಿತ್ರಗಳ ಸಹಾಯದಿಂದ ಎರಡು ವರ್ಷಗಳಿಗೊಮ್ಮೆ ದೇಶದ ಅರಣ್ಯ ಹೊದಿಕೆಯ ವರದಿ ತಯಾರಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆರಳು ಶೇ. 10ಕ್ಕಿಂತ ಹೆಚ್ಚಿದ್ದರೆ ಅದು ಅರಣ್ಯ ಹೊದಿಕೆ. ಆ ಜಾಗದ ಒಡೆಯ ಯಾರು, ಅಲ್ಲಿರುವ ಮರ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಹೀಗೆ ರಬ್ಬರ್ ತೋಟ, ತೆಂಗಿನ ತೋಟಗಳೂ ಅದರಲ್ಲಿ ಸೇರಬಹುದು. ಹಸಿರು ಎಷ್ಟಿದೆ ಎಂದು ತಿಳಿಯಲು ಈ ಲೆಕ್ಕ ಸಾಕು. ಹಕ್ಕು ಯಾರದ್ದು ಎಂದು ತಿಳಿಯಲು ಸಾಲದು. ನಮ್ಮ ವರ್ಗ ಜಾಗಕ್ಕೆ ತಾಗಿರುವ ಕುಮ್ಕಿಯಿಂದ ಸೊಪ್ಪು, ಸೌದೆ ತರುವ ಸವಲತ್ತು ಮೊದಲಿನಿಂದ ಬಂದದ್ದು. ಮೇಲಿನಿಂದ ನೋಡಿದರೆ ಕುಮ್ಕಿಯೂ ಹಸಿರು, ಮೀಸಲು ಅರಣ್ಯವೂ ಹಸಿರು. ಕರ್ನಾಟಕದಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಎಂದು ಹೇಳಲಾಗಿದ್ದ ಡೀಮ್ಡ್ ಫಾರೆಸ್ಟ್ ಮರುಪರಿಶೀಲನೆಯ ನಂತರ 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ಮೊದಲ ಪಟ್ಟಿಯನ್ನೇ ಕೊನೆಯ ಮಾತೆಂದು ಒಪ್ಪಿಕೊಂಡಿದ್ದರೆ ಎಷ್ಟು ಕುಟುಂಬಗಳು ತೊಂದರೆಗೆ ಬೀಳುತ್ತಿದ್ದವು ಎಂಬುದನ್ನು ಊಹಿಸಬಹುದು.

ಎರಡನೆಯದು ನೆರೆಯ ಕೇರಳದ ಅನುಭವ. ರಕ್ಷಿತ ಅರಣ್ಯಗಳ ಸುತ್ತ ಒಂದು ಕಿಲೋಮೀಟರ್ ಬಫರ್ ವಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್ 3ರಂದು ಆದೇಶಿಸಿತು. ಆ ವಲಯದಲ್ಲಿ ಎಷ್ಟು ಮನೆ, ಕಟ್ಟಡಗಳಿವೆ ಎಂದು ತಿಳಿಯಲು ಕೇರಳ ಸರ್ಕಾರ ಉಪಗ್ರಹ ಸಮೀಕ್ಷೆ ಮಾಡಿಸಿತು. ಸುಮಾರು 49 ಸಾವಿರ ಕಟ್ಟಡಗಳ ಲೆಕ್ಕ ಬಂತು. ವರದಿ ಪ್ರಕಟವಾದಾಗ ಜನರು ಗಾಬರಿಯಾದರು. ಅನೇಕ ಮನೆಗಳು ಅದರಲ್ಲಿ ಇರಲೇ ಇಲ್ಲ! ಮರಗಳ ನೆರಳಿನಲ್ಲಿರುವ ಮನೆ ಆಕಾಶದ ಕ್ಯಾಮೆರಾಕ್ಕೆ ಕಾಣುವುದಾದರೂ ಹೇಗೆ? ರೈತ ಸಂಘಟನೆಗಳ ಜೊತೆ ಅಲ್ಲಿನ ಧರ್ಮಸಭೆಯೂ ದನಿ ಎತ್ತಿತು. ಪಂಚಾಯತುಗಳಲ್ಲಿ ಸಹಾಯ ಕೇಂದ್ರಗಳು ತೆರೆದವು, ನೆಲದ ಮೇಲೆ ನಡೆದು ಮರು ಪರಿಶೀಲನೆ ನಡೆಯಿತು, ಬಿಟ್ಟುಹೋದ ಸಾವಿರಾರು ಕಟ್ಟಡಗಳು ಲೆಕ್ಕಕ್ಕೆ ಸೇರಿದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನು ಸಡಿಲಿಸಿತು.

ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿಯ ವಿವಾದದಲ್ಲೂ ಇದೇ ಎಳೆ ಇದೆ. 2013ರ ಆ ವರದಿ ಸುಮಾರು 24 ಮೀಟರ್ ಚುಕ್ಕೆಯ ಉಪಗ್ರಹ ಚಿತ್ರಗಳನ್ನು ಆಧರಿಸಿ ಸೂಕ್ಷ್ಮ ಪ್ರದೇಶ ಗುರುತಿಸಿತು. ಒಂದು ಚುಕ್ಕೆ ಎಂದರೆ ಹದಿನಾಲ್ಕು ಸೆಂಟ್ಸ್. ಗ್ರಾಮದ ಶೇ. 20ರಷ್ಟು ಜಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತಿತ್ತು. ಘಟ್ಟ ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಚಿತ್ರ ನೋಡಿ ಗೆರೆ ಎಳೆಯುವ ಮೊದಲು ಊರಿಗೆ ಬಂದು ಕೇಳಿದ್ದರೆ ಇಷ್ಟೊಂದು ಭಯ, ಅನುಮಾನ ಹುಟ್ಟುತ್ತಿರಲಿಲ್ಲ. ಕರ್ನಾಟಕ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಆ ವರದಿಯನ್ನು ತಿರಸ್ಕರಿಸಿತು. ಇದರಿಂದ ಘಟ್ಟಕ್ಕೂ ರಕ್ಷಣೆ ಸಿಗಲಿಲ್ಲ, ಜನರ ಆತಂಕವೂ ಪೂರ್ತಿ ತೀರಲಿಲ್ಲ.

ಮೂರನೆಯದು ಮಳೆ. ಬೆಳಕಿನ ಕ್ಯಾಮೆರಾ ಮೋಡದ ಮೂಲಕ ನೋಡಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿ ಮತ್ತು ಘಟ್ಟ ಮೋಡದಡಿ ಇರುತ್ತವೆ. ಗುಡ್ಡ ಕುಸಿಯುವುದೂ ನೆರೆ ಬರುವುದೂ ಇದೇ ತಿಂಗಳುಗಳಲ್ಲಿ. ಎಷ್ಟು ಸಣ್ಣ ಉಪಗ್ರಹಗಳಿದ್ದರೂ ಅವುಗಳಿಗೆ ರೇಡಾರ್ ಇಲ್ಲದಿದ್ದರೆ ಆ ದಿನಗಳಲ್ಲಿ ನಮಗೆ ಪ್ರಯೋಜನ ಅಷ್ಟಕ್ಕಷ್ಟೆ.

ಉಪಕಾರವನ್ನು ಮರೆಯಬಾರದು

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಉಪಗ್ರಹವೇ ಬೇಡ ಎಂದು ಅರ್ಥವಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದಾಗ ಇಸ್ರೋದ ರೇಡಾರ್ ಉಪಗ್ರಹ ಮತ್ತು ಕಾರ್ಟೊಸ್ಯಾಟ್-3ರ ಚಿತ್ರಗಳಿಂದ ಸುಮಾರು 86,000 ಚದರ ಮೀಟರ್ ನೆಲ ಜಾರಿದೆ, ಮಣ್ಣು ಕಲ್ಲು ಎಂಟು ಕಿಲೋಮೀಟರ್‌ವರೆಗೆ ಹರಿದಿದೆ ಎಂಬುದು ತಿಳಿಯಿತು. 2025ರ ಜುಲೈ 30ರಂದು ಕಕ್ಷೆಗೆ ಹೋದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಸೇರಿ ಮಾಡಿದ್ದು. ಅದರ ಜೋಡಣೆ ನಡೆದದ್ದು ಕಾಡುಗೋಡಿಯಿಂದ ಹೆಚ್ಚು ದೂರವಿಲ್ಲದ ಮಾರತಹಳ್ಳಿಯ ಇಸ್ರೋ ಕೇಂದ್ರದಲ್ಲಿ. ಮೋಡದ ಮೂಲಕವೂ ನೋಡಬಲ್ಲ ಅದರ ರೇಡಾರ್ 12 ದಿನಗಳಿಗೊಮ್ಮೆ ಅದೇ ಜಾಗಕ್ಕೆ ಬಂದು ನೆಲದ ಸಣ್ಣ ಕದಲಿಕೆಯನ್ನೂ ಅಳೆಯಬಲ್ಲದು. ಆ ಮಾಹಿತಿ ಎಲ್ಲರಿಗೂ ಉಚಿತ.

ಬೆಂಗಳೂರಿನ ಕೆರೆಗಳ ಕಥೆಯನ್ನು ಜಗತ್ತಿಗೆ ಹೇಳಿದ್ದೂ ಉಪಗ್ರಹ ಚಿತ್ರಗಳೇ. 1973ರಿಂದೀಚಿನ ನಾಲ್ಕು ದಶಕಗಳಲ್ಲಿ ಆ ನಗರದ ಹಸಿರು ಹೊದಿಕೆ ಶೇ. 88ರಷ್ಟು, ಜಲಮೂಲಗಳು ಶೇ. 79ರಷ್ಟು ಕಡಿಮೆಯಾದವು ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಚಿತವಾಗಿ ಸಿಗುವ ಹಳೆಯ ಚಿತ್ರಗಳಿಂದಲೇ ತೋರಿಸಿದರು. ಚಿತ್ರ ಎಲ್ಲರ ಕೈಗೆ ಸಿಕ್ಕಿದರೆ ಅದು ಬಲಶಾಲಿಯನ್ನೂ ಪ್ರಶ್ನಿಸುತ್ತದೆ. ಕೆಲವರ ಕೈಯಲ್ಲಿ ಮಾತ್ರ ಉಳಿದರೆ ದುರ್ಬಲನನ್ನು ಮಾತ್ರ ಪ್ರಶ್ನಿಸುತ್ತದೆ.

ಬೆಳೆ ವಿಮೆಯಲ್ಲಿ ಈ ಬದಲಾವಣೆ ಈಗಾಗಲೇ ಬಂದಿದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿಗೆ ಉಪಗ್ರಹ ಆಧಾರಿತ ವಿಧಾನಕ್ಕೆ ಕನಿಷ್ಠ ಶೇ. 30ರ ತೂಕ ಕೊಡಲಾಗಿದೆ. ನಮ್ಮ ಅಡಿಕೆ, ಕಾಳುಮೆಣಸಿನ ವಿಮೆ ಹವಾಮಾನ ಆಧಾರಿತ. ಆದರೆ ತೋಟವನ್ನು ಆಕಾಶದಿಂದ ಅಳೆಯುವ ದಿನ ದೂರವಿಲ್ಲ. ನಮ್ಮ ಭತ್ತದ ಗದ್ದೆಗಳು ಕೆಲವೇ ಸೆಂಟ್ಸ್‌ಗಳ ತುಂಡುಗಳು. ಪಕ್ಕದ ಗದ್ದೆ ಹಡಿಲು ಬಿದ್ದಿದ್ದರೆ, ದೊಡ್ಡ ಚುಕ್ಕೆಯ ಚಿತ್ರದಲ್ಲಿ ಎರಡೂ ಬೆರೆತು ಹೋಗುವ ಅಪಾಯವಿದೆ.

ಧರ್ಮಸಭೆ ಏನು ಹೇಳುತ್ತದೆ, ನಾವೇನು ಮಾಡಬಹುದು?

ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ತಂತ್ರಜ್ಞಾನವನ್ನು ದೇವರು ಕೊಟ್ಟ ಬುದ್ಧಿಶಕ್ತಿಯ ಫಲವೆಂದು ಮೆಚ್ಚಿದ್ದಾರೆ. ಅದರ ಜೊತೆಗೇ, ಜ್ಞಾನವೂ ಹಣವೂ ಇರುವ ಕೆಲವರಿಗೆ ಉಳಿದೆಲ್ಲರ ಮೇಲೆ ಹಿಡಿತ ಸಿಗುವ ಅಪಾಯವನ್ನು ಎಚ್ಚರಿಸಿದ್ದಾರೆ. ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಒಟ್ಟಿಗೇ ಕೇಳಬೇಕು ಎಂಬುದು ಅವರ ಬೋಧನೆಯ ತಿರುಳು. ಆಕಾಶದ ಕ್ಯಾಮೆರಾ ಭೂಮಿಯ ಕೂಗನ್ನು ಹಿಡಿಯಬಲ್ಲದು. ಬಡವರ ಕೂಗನ್ನು ಕೇಳಲು ನೆಲಕ್ಕೆ ಇಳಿಯಲೇಬೇಕು. ಪವಿತ್ರ ಬೈಬಲಿನ ನಾಬೋತನ ದ್ರಾಕ್ಷಿತೋಟದ ಕಥೆ ನಮಗೆಲ್ಲ ಗೊತ್ತು. ರಾಜಮುದ್ರೆ ಒತ್ತಿದ ಪತ್ರವೊಂದು ಬಡವನ ಪಿತ್ರಾರ್ಜಿತ ಭೂಮಿಯನ್ನೂ ಪ್ರಾಣವನ್ನೂ ಕಸಿದುಕೊಂಡಿತು. ಇಂದು ಉಪಗ್ರಹ ಚಿತ್ರ ಯಾರ ಕೈಯಲ್ಲೂ ಅಂತಹ ರಾಜಮುದ್ರೆ ಆಗಬಾರದು.

ಹಾಗಾದರೆ ನಮ್ಮ ಧರ್ಮಕೇಂದ್ರಗಳು ಮಾಡಬಹುದಾದದ್ದೇನು? ಮೊದಲನೆಯದಾಗಿ, ಉಚಿತವಾಗಿ ಸಿಗುವುದನ್ನು ಬಳಸಲು ಕಲಿಯೋಣ. ಇಸ್ರೋದ 'ಭುವನ್' ಮತ್ತು 'ಭೂನಿಧಿ' ತಾಣಗಳಲ್ಲಿ ಚಿತ್ರಗಳಿವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚುಕ್ಕೆಯ ಚಿತ್ರಗಳು ಯಾರಿಗೂ ಸಿಗುತ್ತವೆ. ರಾಜ್ಯದ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಒಂದು ಭಾನುವಾರ ಪೂಜೆಯ ನಂತರ ವಾಳೆಯ ಜನರಿಗೆ ಇದನ್ನು ತೋರಿಸಿಕೊಡಬಹುದು. ಕಥೋಲಿಕ ಸಭಾ ಮತ್ತು ಐಸಿವೈಎಂ ಘಟಕಗಳು ಇದನ್ನು ಕೈಗೆತ್ತಿಕೊಂಡರೆ ದೊಡ್ಡ ಖರ್ಚೇನೂ ಬರದು.

ಎರಡನೆಯದಾಗಿ, ನೆಲದ ಸಾಕ್ಷ್ಯವನ್ನು ನಾವೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ಪಹಣಿ, ಮಂಜೂರಾತಿ ಪತ್ರ, ತೆರಿಗೆ ರಶೀದಿ, 94ಸಿ ಅರ್ಜಿಯ ಪ್ರತಿ ಇವೆಲ್ಲ ಒಂದೇ ಕಡೆ ಇರಲಿ. ಮರದ ನೆರಳಿನಲ್ಲಿರುವ ಮನೆ, ಬಾವಿ, ಕೊಟ್ಟಿಗೆಗಳ ಫೋಟೋವನ್ನು ತಾರೀಕು ಮತ್ತು ಸ್ಥಳದ ಗುರುತು ಬರುವಂತೆ ತೆಗೆದಿಟ್ಟುಕೊಳ್ಳಬೇಕು. ಓದು ಬರಹ ತಿಳಿಯದ ಕುಟುಂಬಗಳಿಗೆ ವಾಳೆ ಗುರಿಕಾರರು ಮತ್ತು ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ನೆರವಾಗಬೇಕು. ಕ್ರೈಸ್ತರಿಗೆ ಮಾತ್ರವಲ್ಲ, ನೆರೆಹೊರೆಯ ಎಲ್ಲರಿಗೂ.

ಮೂರನೆಯದಾಗಿ, ಉಪಗ್ರಹ ನಕ್ಷೆಯ ಆಧಾರದಲ್ಲಿ ಯಾವುದೇ ನೋಟಿಸ್ ಅಥವಾ ಕರಡು ಅಧಿಸೂಚನೆ ಬಂದರೆ ನಾಲ್ಕು ಪ್ರಶ್ನೆ ಕೇಳಬೇಕು. ಚಿತ್ರ ಯಾವ ತಾರೀಕಿನದು? ಅದರ ಒಂದು ಚುಕ್ಕೆ ಎಷ್ಟು ಮೀಟರ್? ಅದನ್ನು ತೆಗೆದವರು, ಓದಿದವರು ಯಾರು? ನೆಲಕ್ಕೆ ಬಂದು ಪರಿಶೀಲಿಸಿದ್ದಾರೆಯೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇದನ್ನು ಕೇಳುವ ಹಕ್ಕು ನಮಗಿದೆ. ಆಕ್ಷೇಪಣೆಗೆ ಕೊಟ್ಟ ದಿನಗಳು, ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ಅದು 60 ದಿನ, ಮುಗಿದ ಮೇಲೆ ಪ್ರತಿಭಟನೆ ಮಾಡಿ ಫಲವಿಲ್ಲ.

ಕೊನೆಯದಾಗಿ, ಸಾರ್ವಜನಿಕ ಕೆಲಸಕ್ಕೆ ಸರ್ಕಾರ ಖಾಸಗಿಯವರಿಂದ ಚಿತ್ರ ಕೊಂಡರೆ, ಆ ಚಿತ್ರವನ್ನು ಅದರಿಂದ ಬಾಧಿತರಾಗುವ ಜನರಿಗೂ ಉಚಿತವಾಗಿ ತೋರಿಸಬೇಕು ಎಂಬ ಬೇಡಿಕೆಯನ್ನು ನಮ್ಮ ಶಾಸಕರು, ಸಂಸದರ ಮುಂದಿಡೋಣ. ಇದು ಅತಿಯಾದ ಬೇಡಿಕೆಯಲ್ಲ. ಒಬ್ಬನ ಮನೆಯ ಬಗ್ಗೆ ತೀರ್ಮಾನ ಮಾಡುವ ಚಿತ್ರವನ್ನು ಆ ಮನೆಯವನು ನೋಡಲೇಬಾರದು ಎಂದರೆ ಅದು ಯಾವ ನ್ಯಾಯ?

ಕಾಡುಗೋಡಿಯ ಭೂಮಿ ಕೊನೆಗೆ ಯಾರ ಪಾಲಿಗೆ ಉಳಿದರೂ, ಅಲ್ಲಿ ಕಾಡೂ ಬೇಕು, ಅನ್ನ ಬೆಳೆಯುವವನಿಗೆ ನ್ಯಾಯವೂ ಬೇಕು. ಮಿಂಚುಹುಳಗಳು ಆಕಾಶದಲ್ಲಿ ಹೆಚ್ಚುತ್ತಾ ಹೋಗಲಿ, ನಮ್ಮ ನಾಡಿನ ಯುವಕರು ಅದರಲ್ಲಿ ಇನ್ನಷ್ಟು ಹೆಸರು ಮಾಡಲಿ. ಆದರೆ ಅವುಗಳ ಬೆಳಕಿನಲ್ಲಿ ಓದಿದ್ದನ್ನು ನೆಲದ ಮೇಲೆ ನಿಂತು ಸರಿನೋಡುವ ಜವಾಬ್ದಾರಿ ನಮ್ಮೆಲ್ಲರದು. ಈ ವಿಷಯ ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಒಮ್ಮೆ ಚರ್ಚೆಗೆ ಬರಲಿ ಎಂಬುದು ನಮ್ಮ ಆಶಯ.